ನಾನೂರು ಜನ ಕುಣಿದದ್ದು ನಿಜ, ಸತ್ತವರೆಷ್ಟು?

ಪ್ರಶ್ನೆ: ನಾನು ಬಳ್ಳಾರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಶನಿವಾರದ ತರಗತಿಯ ಕೊನೆಯಲ್ಲಿ ಪಠ್ಯಪುಸ್ತಕ ಮುಚ್ಚಿಸಿ, ಜಗತ್ತಿನ ಇತಿಹಾಸದ ಒಂದು ವಿಚಿತ್ರ ಸಂಗತಿಯನ್ನು ಮಕ್ಕಳಿಗೆ ಹೇಳುವುದು ನನ್ನ ರೂಢಿ. ಸ್ಪೇನಿನ ಪುಟ್ಟ ಹುಡುಗಿ ಆದಿಮಾನವರ ಚಿತ್ರಗಳ ಗುಹೆಯನ್ನು ಕಂಡುಹಿಡಿದದ್ದು, ಅವಳ ತಂದೆಯನ್ನು ವಿದ್ವಾಂಸರು ಮೋಸಗಾರ ಎಂದದ್ದಕ್ಕೆ ಅವನು ಎದೆಯೊಡೆದು ಸತ್ತದ್ದು. ಭೂಮಿ ಚಪ್ಪಟೆ ಎನ್ನುತ್ತಿದ್ದವರ ನಡುವೆ ಅದು ಗುಂಡಗಿದೆ ಎಂದು ಕೊಲಂಬಸ್ ಸಾಧಿಸಿದ್ದು. 1518ರಲ್ಲಿ ಒಂದು ಊರಿನ ನಾನೂರು ಜನ ಕುಣಿದು ಕುಣಿದು ಪ್ರಾಣ ಬಿಟ್ಟದ್ದು. 1938ರಲ್ಲಿ ರೇಡಿಯೊ ನಾಟಕ ಕೇಳಿ ಇಡೀ ಅಮೆರಿಕ ಬೀದಿಗೆ ಓಡಿದ್ದು. ಇವೆಲ್ಲವನ್ನೂ ಹೇಳಿದ್ದೇನೆ. ಈಚೆಗೆ ವಿದ್ಯಾರ್ಥಿನಿಯೊಬ್ಬಳ ತಂದೆ ಶಾಲೆಗೆ ಬಂದು, ಮುಖ್ಯೋಪಾಧ್ಯಾಯರ ಎದುರಿನಲ್ಲೇ, "ಇವೆಲ್ಲ ಮೊಬೈಲಿನಲ್ಲಿ ಓಡಾಡುವ ಕಟ್ಟುಕಥೆಗಳು, ಪರೀಕ್ಷೆಗೆ ಬರುವುದನ್ನು ಕಲಿಸಿ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಹೇಳಿದ್ದು ಸುಳ್ಳೇ? ಈ ರೂಢಿಯನ್ನು ನಿಲ್ಲಿಸಿಬಿಡಲೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಸಂಕಟಗಳಿವೆ. ಮಕ್ಕಳಿಗೆ ಸುಳ್ಳು ಹೇಳಿದೆನೇ ಎಂಬ ಅಳುಕು ಒಂದು, ಮುಖ್ಯೋಪಾಧ್ಯಾಯರ ಎದುರು ಬಾಯಿ ಕಟ್ಟಿದ ಮುಜುಗರ ಇನ್ನೊಂದು. ಮೊದಲನೆಯದನ್ನು ಬಗೆಹರಿಸಿಕೊಂಡರೆ ಎರಡನೆಯದು ತಾನಾಗಿ ಹಗುರವಾಗುತ್ತದೆ.

ನಿಮ್ಮ ನಾಲ್ಕು ಕಥೆಗಳಲ್ಲಿ ಒಂದು ಬುಡದಿಂದಲೇ ಸುಳ್ಳು. ಒಂದು ಬಹುಪಾಲು ನಿಜ. ಉಳಿದೆರಡರಲ್ಲಿ ಘಟನೆ ನಿಜ, ಬಾಲ ಆಮೇಲೆ ಬೆಳೆದದ್ದು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ, ಹಳೆಯ ದಾಖಲೆಗಳನ್ನು ಓದುತ್ತ ನಾನು ಕಂಡುಕೊಂಡದ್ದು ಇಷ್ಟು: 'ನಂಬಲಾಗದ ಸತ್ಯ' ಎಂದು ಸುತ್ತುವ ಕಥೆಗಳಲ್ಲಿ ಘಟನೆಯನ್ನೇ ಹುಟ್ಟಿಸಿದವರು ಕಡಿಮೆ. ಹುಟ್ಟಿಸುವುದು ಅಂಕಿಯನ್ನು ಮತ್ತು ಅಂತ್ಯವನ್ನು. ಹಾಗಾಗಿ ಅನುಮಾನ ಬಂದಾಗ ನಾನು ಮೊದಲು ತಡಕುವುದೂ ಆ ಎರಡು ಜಾಗಗಳನ್ನೇ.

ಕುಣಿತದ ಕಥೆಯಿಂದಲೇ ಶುರು ಮಾಡುತ್ತೇನೆ. ಆ ತಂದೆಯವರು ಎಲ್ಲಕ್ಕಿಂತ ಹೆಚ್ಚಾಗಿ ನಕ್ಕಿರುವುದು ಇದಕ್ಕೇ ಇರಬೇಕು. ಆದರೆ ಇದಕ್ಕಿರುವಷ್ಟು ಗಟ್ಟಿ ದಾಖಲೆ ಅಂಥ ಕಥೆಗಳಿಗೆ ಸಿಗುವುದು ಅಪರೂಪ.

ಊರು ಸ್ಟ್ರಾಸ್‌ಬರ್ಗ್. ಇಂದು ಫ್ರಾನ್ಸಿನಲ್ಲಿದೆ, ಆಗ ಪವಿತ್ರ ರೋಮನ್ ಸಾಮ್ರಾಜ್ಯದ ಸ್ವತಂತ್ರ ನಗರ. 1518ರ ಜುಲೈನಲ್ಲಿ ಟ್ರೊಫಿಯಾ ಎಂಬ ಹೆಂಗಸು ಬೀದಿಗೆ ಬಂದು ಕುಣಿಯತೊಡಗಿದಳು. ವಾದ್ಯವಿರಲಿಲ್ಲ, ಹಬ್ಬವಿರಲಿಲ್ಲ. ದಿನಗಟ್ಟಲೆ ಕುಣಿದಳು. ವಾರದೊಳಗೆ ಮೂವತ್ತಕ್ಕೂ ಹೆಚ್ಚು ಜನ ಸೇರಿಕೊಂಡರು. ತಿಂಗಳು ಕಳೆಯುವಷ್ಟರಲ್ಲಿ ನಾನೂರು ಎಂದು ನಗರದ ವೃತ್ತಾಂತಗಳು ಹೇಳುತ್ತವೆ. ಇದು ತಲೆ ಎಣಿಸಿ ಬರೆದ ಲೆಕ್ಕವಲ್ಲ, ಅಂದಾಜು. ಆದರೆ ಕುಣಿತ ನಡೆದದ್ದರಲ್ಲಿ ಅನುಮಾನವೇ ಬೇಡ. ನಗರ ಸಭೆಯ ಆದೇಶಗಳು, ವೈದ್ಯರ ಅಭಿಪ್ರಾಯ, ಪಾದ್ರಿಗಳ ಪ್ರವಚನಗಳು ಎಲ್ಲವೂ ಅದನ್ನು ಹೇಳುತ್ತವೆ. ಆಗ ನಗರದ ಕಾರ್ಯದರ್ಶಿಯಾಗಿದ್ದವರು ಸೆಬಾಸ್ಟಿಯನ್ ಬ್ರಾಂಟ್. ಜರ್ಮನ್ ಸಾಹಿತ್ಯದಲ್ಲಿ ಹೆಸರು ಮಾಡಿದ ಕವಿ. ಸಭೆ ಏನು ತೀರ್ಮಾನಿಸಿತು ಎಂಬುದು ಅವರ ಟಿಪ್ಪಣಿಯಲ್ಲಿದೆ.

ಆ ತೀರ್ಮಾನಗಳನ್ನು ಓದಿದರೆ ಯಾವ ಕಾಲದ ಸರ್ಕಾರವಾದರೂ ಹೀಗೇ ಎನ್ನಿಸುತ್ತದೆ. ವೈದ್ಯರು 'ರಕ್ತ ಕಾವೇರಿದೆ' ಎಂದರು. ಹಾಗಾದರೆ ಕುಣಿದೇ ಕಾವು ಇಳಿಯಲಿ ಎಂದು ಸಭೆಯವರು ಕುಶಲಕರ್ಮಿ ಸಂಘಗಳ ಸಭಾಭವನಗಳನ್ನು ತೆರವು ಮಾಡಿಸಿದರು, ಸಂತೆಯ ಬಯಲಿನಲ್ಲಿ ವೇದಿಕೆ ಕಟ್ಟಿಸಿದರು, ಕೂಲಿ ಕೊಟ್ಟು ವಾದ್ಯದವರನ್ನು ಕರೆಸಿದರು. ಕುಣಿಯುವವರು ಇನ್ನಷ್ಟು ಹೆಚ್ಚಿದರು. ಆಗ ಆದೇಶ ತಿರುಗಿತು: ಸೆಪ್ಟೆಂಬರ್ ಕೊನೆಯಲ್ಲಿ ಬರುವ ಸಂತ ಮೈಕೇಲರ ಹಬ್ಬದವರೆಗೆ ನಗರದಲ್ಲಿ ಕುಣಿತ ನಿಷಿದ್ಧ. ಮರ್ಯಾದಸ್ಥರ ಮನೆಯ ಮದುವೆಗೆ ವಿನಾಯಿತಿ ಉಂಟು. ಅಲ್ಲಿಯೂ ತಂತಿವಾದ್ಯ ಮಾತ್ರ, ಡೋಲು ತಮಟೆ ಕೂಡದು. ಕೊನೆಗೆ ಕುಣಿಯುವವರನ್ನು ಬಂಡಿಗಳಲ್ಲಿ ಸವೆರ್ನ್ ಬಳಿಯ ಬೆಟ್ಟದ ಸಂತ ವೀಟಸ್ ಗುಡಿಗೆ ಕಳಿಸಿದರು. ಅಲ್ಲಿ ಅವರಿಗೆ ಪುಟ್ಟ ಶಿಲುಬೆಗಳನ್ನೂ ಕೆಂಪು ಪಾದರಕ್ಷೆಗಳನ್ನೂ ಕೊಟ್ಟು ಪೂಜೆ ಮಾಡಿಸಿದರು. ಅದರ ನಂತರ ಪಿಡುಗು ಇಳಿಯಿತು.

ಈಗ ಸಾವಿನ ಮಾತು. 'ದಿನಕ್ಕೆ ಹದಿನೈದು ಜನ ಸತ್ತರು' ಎಂಬ ಸಾಲು ಎಲ್ಲ ಕಡೆ ಸಿಗುತ್ತದೆ. ಆ ಬೇಸಿಗೆಯಲ್ಲಿ ಬರೆದ ಯಾವ ದಾಖಲೆಯಲ್ಲೂ ಸತ್ತವರ ಸಂಖ್ಯೆ ಇಲ್ಲ. ಸತ್ತರು ಎಂಬ ಮಾತೂ ಇಲ್ಲ. ಕೆಲವರು ಸತ್ತಿರಬಹುದು. ಬಿಸಿಲು, ಹಸಿವು, ನಿದ್ದೆಗೆಟ್ಟ ದೇಹ ಇವುಗಳ ಲೆಕ್ಕ ಹಾಕಿದರೆ ಅದು ಅಸಾಧ್ಯವಲ್ಲ. ಆದರೆ ನೀವು ಹೇಳಿದಂತೆ ನಾನೂರು ಜನವೂ ಪ್ರಾಣ ಬಿಟ್ಟರು ಎಂಬುದಕ್ಕೆ ಆಧಾರವೇ ಇಲ್ಲ. ಕುಣಿದವರ ಸಂಖ್ಯೆ ಬಾಯಿಂದ ಬಾಯಿಗೆ ದಾಟುವಾಗ ಸತ್ತವರ ಸಂಖ್ಯೆಯಾಗಿದೆ.

ಕಾರಣ ಏನು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅಂತರ್ಜಾಲದಲ್ಲಿ ಸಿಗುವ ಸುಲಭ ಉತ್ತರವೆಂದರೆ ರೈ ಧಾನ್ಯಕ್ಕೆ ಹತ್ತುವ ಎರ್ಗಟ್ ಎಂಬ ಶಿಲೀಂಧ್ರದ ವಿಷ. ಆ ವಿಷ ಭ್ರಮೆ ಹುಟ್ಟಿಸಬಲ್ಲದು, ಸ್ನಾಯುಗಳನ್ನು ಸೆಟೆಸಬಲ್ಲದು. ಕೈಕಾಲಿನ ರಕ್ತಸಂಚಾರವನ್ನೇ ಕುಗ್ಗಿಸುವ ಅದು ದಿನಗಟ್ಟಲೆ ಕುಣಿಸುವುದು ಹೇಗೆ? ಇತಿಹಾಸಕಾರ ಜಾನ್ ವಾಲರ್ ಅವರ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಹಿಂದಿನ ವರ್ಷಗಳಲ್ಲಿ ಬೆಳೆ ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು, ರೋಗಗಳು ಹಬ್ಬಿದ್ದವು. ಇವುಗಳ ಜೊತೆಗೆ, ಸಂತ ವೀಟಸ್ ಮುನಿದರೆ ಕುಣಿತದ ಶಾಪ ಕೊಡುತ್ತಾನೆ ಎಂಬ ನಂಬಿಕೆ ರೈನ್ ನದಿಯ ಆಸುಪಾಸಿನಲ್ಲಿ ಬೇರೂರಿತ್ತು. 1374ರಲ್ಲಿಯೂ ಇಂದಿನ ಜರ್ಮನಿಯ ಆಹೆನ್ ಮತ್ತು ಸುತ್ತಲಿನ ಊರುಗಳಲ್ಲಿ ಇಂಥದೇ ಕುಣಿತ ಹಬ್ಬಿತ್ತು. ಹಾಗೆ ನಂಬಿದವರು, ಬದುಕಿನಲ್ಲಿ ಹೈರಾಣಾದವರು, ಒಬ್ಬಳು ಕುಣಿಯುವುದನ್ನು ಕಂಡಾಗ ಪರವಶರಾದರು.

ಜಾತ್ರೆಯಲ್ಲಿ ದೇವರು ಮೈಮೇಲೆ ಬರುವುದನ್ನು ಕಂಡಿರುವ ನಿಮ್ಮ ಮಕ್ಕಳಿಗೆ ಇದು ಯೂರೋಪಿನ ಓದುಗರಿಗಿಂತ ಬೇಗ ಅರ್ಥವಾದೀತು. ಮೈದುಂಬಿದವರು ನಟಿಸುತ್ತಿರುವುದಿಲ್ಲ, ಅವರ ತಲೆ ಕೆಟ್ಟಿರುವುದೂ ಇಲ್ಲ. ವ್ಯತ್ಯಾಸವಿಷ್ಟೇ: ನಮ್ಮಲ್ಲಿ ಅದಕ್ಕೆ ಸಮಯವುಂಟು, ವಾದ್ಯವುಂಟು, ಇಳಿಸುವ ಕ್ರಮವುಂಟು. ಸ್ಟ್ರಾಸ್‌ಬರ್ಗಿನಲ್ಲಿ ಇಳಿಸುವ ಕ್ರಮ ಸಿಕ್ಕಿದ್ದು ಗುಡಿಗೆ ಕಳಿಸಿದ ಮೇಲೆ.

ಒಂದು ಉಪಕಥೆ. ಕೆಲವು ವರ್ಷಗಳ ನಂತರ ಆ ಊರಿಗೆ ಬಂದ ಪ್ರಖ್ಯಾತ ವೈದ್ಯ ಪಾರಾಸೆಲ್ಸಸ್, ಟ್ರೊಫಿಯಾ ಕುಣಿದದ್ದು ಗಂಡನಿಗೆ ಕಿರಿಕಿರಿ ಮಾಡಲಿಕ್ಕೆ ಎಂದು ಬರೆದ. ಅವನು ತಾನು ನೋಡದ ರೋಗಿಯ ಬಗ್ಗೆ ಕೊಟ್ಟ ತೀರ್ಪು ಇದು. ದೊಡ್ಡ ಹೆಸರಿನವರು ಬರೆದದ್ದೆಲ್ಲ ಸಾಕ್ಷಿಯಾಗುವುದಿಲ್ಲ ಎಂದು ತೋರಿಸಲು ಹತ್ತನೆಯ ತರಗತಿಗೆ ಒಳ್ಳೆಯ ಉದಾಹರಣೆ.

ಇನ್ನು ಗುಹೆ. ಸ್ಪೇನಿನ ಉತ್ತರದಲ್ಲಿರುವ ಅಲ್ತಮಿರಾ. ನಿಮ್ಮ ನಾಲ್ಕರಲ್ಲಿ ಬಹುಪಾಲು ನಿಜ ಎಂದದ್ದು ಇದನ್ನೇ. ಗುಹೆಯನ್ನು ಕಂಡುಹಿಡಿದವಳು ಹುಡುಗಿಯಲ್ಲ. 1868ರಲ್ಲಿ ಸ್ಥಳೀಯ ಬೇಟೆಗಾರನೊಬ್ಬನಿಗೆ ಅದು ಸಿಕ್ಕಿತ್ತು. ಆ ಪ್ರದೇಶದ ಜಮೀನುದಾರ ಮಾರ್ಸೆಲಿನೊ ಸಾನ್ಸ್ ದೆ ಸೌತುಓಲಾ ಕೂಡ ಮೊದಲೇ ಒಮ್ಮೆ ಒಳಗೆ ಹೋಗಿ ಬಂದಿದ್ದರು. 1878ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಹಿಮಯುಗದ ಕೆತ್ತನೆಯ ವಸ್ತುಗಳನ್ನು ನೋಡಿದ ಅವರು, ಮರುವರ್ಷ ಅಂಥವು ಇಲ್ಲಿಯೂ ಸಿಕ್ಕಾವೆಂದು ಗುಹೆಯ ನೆಲ ಅಗೆಯಲು ಹೋದರು. ಜೊತೆಯಲ್ಲಿ ಎಂಟು ವರ್ಷದ ಮಗಳು ಮರಿಯಾ. ಅಪ್ಪ ನೆಲ ನೋಡುತ್ತಿದ್ದಾಗ ಮಗಳು ಮೇಲೆ ನೋಡಿದಳು. ಛಾವಣಿಯ ತುಂಬ ಕೆಂಪು ಕಪ್ಪು ಬಣ್ಣದ ಕಾಡೆಮ್ಮೆಗಳು. ಅವಳು "ಅಪ್ಪಾ, ಎತ್ತುಗಳು!" ಎಂದು ಕೂಗಿದಳಂತೆ, ಆ ಕೂಗಿನ ಮಾತುಗಳು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ ಇವೆ. ಕಂಡವಳು ಅವಳೇ ಎಂಬುದರಲ್ಲಿ ತಕರಾರಿಲ್ಲ.

1880ರಲ್ಲಿ ಸೌತುಓಲಾ ಇದನ್ನು ಪುಸ್ತಿಕೆಯಾಗಿ ಪ್ರಕಟಿಸಿದರು. ಫ್ರಾನ್ಸಿನ ವಿದ್ವಾಂಸರು ತಿರಸ್ಕರಿಸಿದರು. ಸೌತುಓಲಾ ಅವರಲ್ಲಿ ಅತಿಥಿಯಾಗಿದ್ದ, ಚಿತ್ರಗಳ ನಕಲು ತೆಗೆದುಕೊಟ್ಟಿದ್ದ ಫ್ರೆಂಚ್ ಚಿತ್ರಕಾರನೇ ಇವನ್ನು ಬರೆದಿರಬೇಕು ಎಂಬ ಗುಮಾನಿ ಹಬ್ಬಿತು. ಈ ವಿದ್ವಾಂಸರನ್ನು ದುಷ್ಟರೆಂದು ಚಿತ್ರಿಸುವುದು ಕಥೆ ಹೇಳುವವರಿಗೆ ಅನುಕೂಲ, ಆದರೆ ಅವರ ಪ್ರಶ್ನೆಗಳು ಮೂರ್ಖ ಪ್ರಶ್ನೆಗಳಾಗಿರಲಿಲ್ಲ. ಸಾವಿರಾರು ವರ್ಷಗಳ ಬಣ್ಣ ನಿನ್ನೆ ಹಚ್ಚಿದಂತೆ ಇರುವುದು ಹೇಗೆ? ಕತ್ತಲ ಗುಹೆಯಲ್ಲಿ ದೀಪವಿಲ್ಲದೆ ಬರೆಯಲಾಗದು, ಹಾಗಿದ್ದರೆ ಛಾವಣಿಯಲ್ಲಿ ಮಸಿ ಎಲ್ಲಿ? ಎರಡಕ್ಕೂ ಉತ್ತರ ಇತ್ತು. ಸುಮಾರು 13,000 ವರ್ಷಗಳ ಹಿಂದೆ ಗುಹೆಯ ಬಾಯಿ ಬಂಡೆ ಕುಸಿದು ಮುಚ್ಚಿಹೋಗಿ ಒಳಗಿನ ಗಾಳಿ ಬದಲಾಗದೆ ಉಳಿದಿತ್ತು. ಪ್ರಾಣಿಗಳ ಮಜ್ಜೆಯ ಕೊಬ್ಬಿನಿಂದ ಉರಿಯುವ ದೀಪ ಹೆಚ್ಚು ಹೊಗೆ ಉಗುಳುವುದಿಲ್ಲ. ಆದರೆ ಉತ್ತರ ಹುಡುಕುವ ಗೋಜಿಗೆ ಅವರು ಹೋಗಲಿಲ್ಲ, ಏಕೆಂದರೆ ಆದಿಮಾನವನ ಕೈಯಲ್ಲಿ ಇಂಥ ಕಲೆ ಸಾಧ್ಯವಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದರು. ಅವರ ತಪ್ಪು ಅಲ್ಲಿದೆ.

ಸೌತುಓಲಾ 1888ರಲ್ಲಿ ತೀರಿಕೊಂಡರು. ಎದೆಯೊಡೆದು ಸತ್ತರು ಎಂಬುದು ಕಥೆಗಾರರ ಸೇರ್ಪಡೆ. ಅವರ ಮಾತಿಗೆ ಮನ್ನಣೆ ಸಿಗುವ ಮೊದಲೇ ಸತ್ತರು ಎಂಬುದಷ್ಟು ಸತ್ಯ. ಮುಂದೆ ಫ್ರಾನ್ಸಿನಲ್ಲೇ ಒಂದರ ಹಿಂದೆ ಒಂದು ಚಿತ್ರಗುಹೆಗಳು ಸಿಕ್ಕವು. ಆಗ, ವಿರೋಧಿಗಳಲ್ಲಿ ಪ್ರಮುಖರಾಗಿದ್ದ ಎಮಿಲ್ ಕಾರ್ತೈಯಾಕ್ 1902ರಲ್ಲಿ ತಮ್ಮ ತಪ್ಪನ್ನು ಅಚ್ಚಿನಲ್ಲೇ ಒಪ್ಪಿಕೊಂಡರು. ಆ ಛಾವಣಿಯ ಕಾಡೆಮ್ಮೆಗಳು ಸುಮಾರು 15,000 ವರ್ಷ ಹಳೆಯವು, ಗುಹೆಯ ಕೆಲವು ಗುರುತುಗಳು 35,000 ವರ್ಷಗಳನ್ನೂ ದಾಟುತ್ತವೆ. ಅಂದ ಹಾಗೆ, 'ಅಲ್ತಮಿರಾದ ನಂತರ ಎಲ್ಲವೂ ಅವನತಿ' ಎಂದು ಪಿಕಾಸೊ ಹೇಳಿದರು ಎನ್ನುತ್ತಾರಲ್ಲ, ಅದಕ್ಕೆ ಪುರಾವೆ ಸಿಕ್ಕಿಲ್ಲ. ಹೇಳುವುದನ್ನು ಬಿಟ್ಟುಬಿಡಿ.

ಇದಕ್ಕೊಂದು ಭಾರತದ ತುಣುಕನ್ನೂ ಸೇರಿಸಿ. ಮರಿಯಾ ತಲೆ ಎತ್ತಿ ನೋಡುವುದಕ್ಕೆ ಸುಮಾರು ಹನ್ನೆರಡು ವರ್ಷ ಮೊದಲೇ, 1867–68ರಲ್ಲಿ, ಮಿರ್ಜಾಪುರದ ಕೈಮೂರು ಬೆಟ್ಟಗಳ ಬಂಡೆಯಾಸರೆಗಳಲ್ಲಿ ಇಂಗ್ಲಿಷ್ ಪುರಾತತ್ವಜ್ಞ ಆರ್ಚಿಬಾಲ್ಡ್ ಕಾರ್ಲೈಲ್ ಚಿತ್ರಗಳನ್ನು ಕಂಡಿದ್ದ. ಅಲ್ಲಿಯೇ ಸಿಕ್ಕ ಸಣ್ಣ ಕಲ್ಲಿನ ಹತಾರಗಳನ್ನು ನೋಡಿ, ಚಿತ್ರಗಳೂ ಆ ಕಾಲದವೇ ಎಂದು ಊಹಿಸಿದ್ದ. ಸಮಯಕ್ಕೆ ಸರಿಯಾಗಿ ಪ್ರಕಟಿಸಲಿಲ್ಲ, ಅಷ್ಟೇ. ಹಾಗಾಗಿ ಅವನನ್ನು ಯಾರೂ ಮೋಸಗಾರ ಎನ್ನಲೂ ಇಲ್ಲ, ನೆನಪಿಟ್ಟುಕೊಳ್ಳಲೂ ಇಲ್ಲ.

ಕೊಲಂಬಸ್ ವಿಷಯದಲ್ಲಿ ಆ ತಂದೆಯವರೇ ಸರಿ. ಭೂಮಿ ಗುಂಡಗಿದೆ ಎಂಬುದು ಅವನ ಕಾಲದ ಓದಿದವರಿಗೆಲ್ಲ ಗೊತ್ತಿತ್ತು. ಗ್ರೀಕರು ಅದರ ಸುತ್ತಳತೆಯನ್ನೇ ಲೆಕ್ಕ ಹಾಕಿದ್ದರು. ನಮ್ಮ ಆರ್ಯಭಟ ಕೊಲಂಬಸ್‌ಗಿಂತ ಸಾವಿರ ವರ್ಷ ಮೊದಲು ಭೂಗೋಳವನ್ನು ಕದಂಬದ ದುಂಡು ಹೂವಿಗೆ ಹೋಲಿಸಿದ್ದಾನೆ. 1492ರ ಜಗಳ ಆಕಾರದ್ದಲ್ಲ, ಗಾತ್ರದ್ದು. ಕೊಲಂಬಸ್ ಭೂಮಿಯನ್ನು ನಿಜಕ್ಕಿಂತ ಸುಮಾರು ಕಾಲು ಭಾಗ ಚಿಕ್ಕದು ಎಂದುಕೊಂಡಿದ್ದ. ಪಶ್ಚಿಮಕ್ಕೆ ಸಾಗಿ ಏಷ್ಯಾ ತಲುಪುವಷ್ಟು ದೂರಕ್ಕೆ ನೀರು ಆಹಾರ ಸಾಲದು ಎಂದು ಎಚ್ಚರಿಸಿದ ವಿದ್ವಾಂಸರ ಲೆಕ್ಕವೇ ಸರಿಯಾಗಿತ್ತು. ನಡುವೆ ಅಮೆರಿಕ ಅಡ್ಡ ಸಿಕ್ಕಿದ್ದರಿಂದ ಬದುಕಿಕೊಂಡ. ಚಪ್ಪಟೆ ಭೂಮಿಯ ಕಥೆಗೆ ರೆಕ್ಕೆ ಮೂಡಿದ್ದು 1828ರಲ್ಲಿ, ಅಮೆರಿಕದ ಲೇಖಕ ವಾಷಿಂಗ್ಟನ್ ಅರ್ವಿಂಗ್ ಬರೆದ ಕೊಲಂಬಸ್ ಚರಿತ್ರೆಯಿಂದ.

ಇನ್ನುಳಿದದ್ದು ರೇಡಿಯೊ. 1938ರ ಅಕ್ಟೋಬರ್ 30ರ ರಾತ್ರಿ, ಇಪ್ಪತ್ತಮೂರು ವರ್ಷದ ಆರ್ಸನ್ ವೆಲ್ಸ್, ಎಚ್.ಜಿ. ವೆಲ್ಸ್ ಅವರ ಮಂಗಳ ಗ್ರಹದವರ ದಾಳಿಯ ಕಾದಂಬರಿಯನ್ನು ಸುದ್ದಿ ಪ್ರಸಾರದ ಧಾಟಿಯಲ್ಲಿ ನಾಟಕ ಮಾಡಿ ಬಿತ್ತರಿಸಿದರು. ಹೆದರಿದವರಿದ್ದರು. ಪೊಲೀಸ್ ಠಾಣೆಗಳಿಗೆ, ಪತ್ರಿಕಾ ಕಚೇರಿಗಳಿಗೆ ದೂರವಾಣಿ ಕರೆಗಳು ಮುತ್ತಿದವು. ಆದರೆ ಅದೇ ರಾತ್ರಿ ನಡೆದ ಶ್ರೋತೃ ಸಮೀಕ್ಷೆಯಲ್ಲಿ ಈ ನಾಟಕ ಕೇಳುತ್ತಿದ್ದೇವೆ ಎಂದವರು ನೂರಕ್ಕೆ ಇಬ್ಬರು. ಹೆಚ್ಚಿನವರು ಬೇರೆ ಕೇಂದ್ರದ ಜನಪ್ರಿಯ ಹಾಸ್ಯ ಕಾರ್ಯಕ್ರಮಕ್ಕೆ ಕಿವಿ ಕೊಟ್ಟಿದ್ದರು. ಇಡೀ ದೇಶ ಬೀದಿಗೆ ಓಡಿದ್ದು ಮರುದಿನದ ಪತ್ರಿಕೆಗಳ ಮುಖಪುಟದಲ್ಲಿ. ಆಗ ರೇಡಿಯೊ ಪತ್ರಿಕೆಗಳ ಜಾಹೀರಾತಿಗೆ ಕೈ ಹಾಕಿದ್ದ ಹೊಸ ಪೈಪೋಟಿಗಾರ. ಅದನ್ನು ಹೊಣೆಗೇಡಿ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೇ?

ನಿಜವಾದ ದುರಂತ ನಡೆದದ್ದು ಇಕ್ವಡಾರ್ ದೇಶದ ಕೀಟೊ ನಗರದಲ್ಲಿ, 1949ರ ಫೆಬ್ರವರಿ 12ರಂದು. ಅದೇ ಕಥೆಯನ್ನು ಅಲ್ಲಿನ ಊರುಗಳ ಹೆಸರು ಹಾಕಿ, ಮಂತ್ರಿಯ ಧ್ವನಿಯನ್ನು ಅನುಕರಿಸಿ ಬಿತ್ತರಿಸಿದರು. ಜನ ಬೀದಿಗೆ ಬಂದರು. ನಾಟಕ ಎಂದು ತಿಳಿದಾಗ ಭಯ ಸಿಟ್ಟಾಯಿತು. ರೇಡಿಯೊ ಕೇಂದ್ರವಿದ್ದ ಪತ್ರಿಕಾ ಕಟ್ಟಡಕ್ಕೆ ಬೆಂಕಿ ಇಟ್ಟರು. ಕನಿಷ್ಠ ಆರು ಜನ ಸತ್ತರು. ಅಮೆರಿಕದ ಉಬ್ಬಿದ ಕಥೆ ಜಗತ್ತಿಗೆಲ್ಲ ಗೊತ್ತು, ಜೀವ ಹೋದ ಕೀಟೊದ ಕಥೆ ಬಲ್ಲವರು ಕಡಿಮೆ.

ಈಗ ನೀವು ಏನು ಮಾಡಬಹುದು? ನಿಲ್ಲಿಸುವುದು ಸುಲಭದ ದಾರಿ. ಮುಖ್ಯೋಪಾಧ್ಯಾಯರಿಗೆ ನೆಮ್ಮದಿ, ನಿಮಗೂ ತಲೆನೋವಿಲ್ಲ. ಆದರೆ ಮಕ್ಕಳು ಇವೇ ಕಥೆಗಳನ್ನು ಮೊಬೈಲಿನಲ್ಲಿ, ಇನ್ನೂ ಕೆಟ್ಟ ರೂಪದಲ್ಲಿ, ಕೇಳಲು ಯಾರೂ ಇಲ್ಲದ ಕಡೆ ನೋಡುತ್ತಾರೆ. ಇದ್ದ ಹಾಗೇ ಮುಂದುವರಿಸಿದರೆ ಅಪಾಯ ಬೇರೆ: ಒಂದು ಸುಳ್ಳು ಸಿಕ್ಕಿಬಿದ್ದ ದಿನ ನಿಮ್ಮ ಬಾಯಲ್ಲಿ ಬಂದ ಪಠ್ಯದ ಪಾಠಕ್ಕೂ ಬೆಲೆ ಇಳಿಯುತ್ತದೆ.

ನಾನು ಮಾಡುತ್ತಿದ್ದದ್ದು ಮೂರನೆಯ ದಾರಿ. ಕಥೆ ಹೇಳಿ ಮುಗಿಸಿದ ಮೇಲೆ ಎರಡೇ ಪ್ರಶ್ನೆ ಕೇಳುವುದು: ಇದನ್ನು ಮೊದಲು ಬರೆದವರು ಯಾರು? ಘಟನೆ ನಡೆದು ಎಷ್ಟು ವರ್ಷದ ಮೇಲೆ ಬರೆದರು? ಇದಕ್ಕೂ ಅಡ್ಡ ಪರಿಣಾಮವಿದೆ. ಎಲ್ಲವನ್ನೂ ಕೆದಕಿದರೆ ಕೆಲವು ಮಕ್ಕಳು 'ಹಾಗಾದರೆ ಇತಿಹಾಸವೇ ಸುಳ್ಳು' ಎಂಬ ಕಡೆಗೆ ವಾಲುತ್ತಾರೆ. ಚುರುಕಾದವರೇ ಮೊದಲು ವಾಲುವುದು. ಅದಕ್ಕೇ ಒಂದು ಕಥೆಯ ಬಾಲ ಕತ್ತರಿಸಿದ ದಿನವೇ, ಗಟ್ಟಿಯಾಗಿ ಉಳಿದದ್ದು ಯಾವುದು ಎಂಬುದನ್ನೂ ತೋರಿಸಿ. ಸತ್ತವರ ಲೆಕ್ಕ ಬಿದ್ದುಹೋಯಿತು, ಆದರೆ ಡೋಲು ತಮಟೆ ಕೂಡದು ಎಂಬ ಆದೇಶ ಉಳಿಯಿತು ನೋಡಿ, ಹಾಗೆ.

ಮಕ್ಕಳನ್ನೇ ಹುಡುಕಲು ಬಿಡುವುದಾದರೆ ಒಂದು ಎಚ್ಚರಿಕೆ ಕೊಟ್ಟು ಬಿಡಿ. ಹತ್ತು ಜಾಲತಾಣಗಳಲ್ಲಿ ಒಂದೇ ವಾಕ್ಯ ಸಿಕ್ಕರೆ ಹತ್ತು ಸಾಕ್ಷಿ ಸಿಕ್ಕಂತೆ ಅಲ್ಲ. ಒಬ್ಬರದನ್ನು ಒಂಬತ್ತು ಜನ ಎತ್ತಿಕೊಂಡಿರುತ್ತಾರೆ.

ನೀವಿರುವ ಜಿಲ್ಲೆಯಲ್ಲಿ ಇನ್ನೊಂದು ಅನುಕೂಲವಿದೆ. ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ದನಗಳ ಚಿತ್ರಗಳಿವೆ. ಕಲ್ಲಿನಿಂದ ಬಡಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳೂ ಇವೆ. ಅಲ್ತಮಿರಾ ಹೇಳಿದ ಮೇಲೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಗೀಚದಂತೆ, ಸುಮ್ಮನೆ ಬಡಿದು ನೋಡದಂತೆ ಕಾಯುವ ಹೊಣೆ ನಿಮ್ಮದು. ದೊಡ್ಡ ತರಗತಿಯಾದರೆ ಇಬ್ಬರು ಶಿಕ್ಷಕರಾದರೂ ಜೊತೆಗಿರಲಿ. ಬೇಸಿಗೆಯಲ್ಲಿ ಬೇಡ, ಆ ಬಂಡೆಗಳು ಕಾಯುವ ಬಗೆ ನಿಮಗೇ ಗೊತ್ತು.

ಆ ತಂದೆಯವರ ಬಗ್ಗೆ: ಅವರನ್ನು ಕರೆಸಿ, ಕೊಲಂಬಸ್ ವಿಷಯದಲ್ಲಿ ನೀವು ಹೇಳಿದ್ದು ಸರಿ ಎಂದು ಮುಖ್ಯೋಪಾಧ್ಯಾಯರ ಎದುರಿನಲ್ಲೇ ಒಪ್ಪಿಕೊಳ್ಳಿ. ಕುಣಿತದ ವಿಷಯದಲ್ಲಿ ಮಾತ್ರ ಬಿಟ್ಟುಕೊಡಬೇಡಿ. ಸ್ಟ್ರಾಸ್‌ಬರ್ಗ್ ನಗರ ಸಭೆಯ ಆದೇಶವನ್ನು ವಿವರಿಸಿ ಹೇಳಿ. ಪರೀಕ್ಷೆಗೆ ಬರುವುದನ್ನು ಕಲಿಸಿ ಎಂಬ ಅವರ ಮಾತಿನಲ್ಲೂ ನ್ಯಾಯವಿದೆ, ಆದ್ದರಿಂದ ಪಾಠ ಹಿಂದೆ ಬಿದ್ದ ವಾರ ಕಥೆ ಇಲ್ಲ ಎಂಬ ನಿಯಮ ಹಾಕಿಕೊಳ್ಳಿ. ಕೊಲಂಬಸ್ ಕಥೆಯನ್ನು ಬರುವ ಶನಿವಾರವೇ ತರಗತಿಯಲ್ಲಿ ತಿದ್ದಿ. ತಡ ಮಾಡಿದಷ್ಟೂ ಅದು ಮಕ್ಕಳ ಉತ್ತರ ಪತ್ರಿಕೆಗೆ ಹತ್ತಿರವಾಗುತ್ತದೆ.